ವೇಗದ ವೀಲ್‌ಚೇರ್ ಬೇಕೇ? ಮೊದಲು ದಾರಿ ನೋಡಿ

ಬೆಂಗಳೂರಿನ ಸಾರಕ್ಕಿ ಮಾರುಕಟ್ಟೆಯಲ್ಲಿ ತರಕಾರಿ ಕೊಳ್ಳಬೇಕು, ಕನಕಪುರ ರಸ್ತೆಗೆ ಬಂದು ಮೆಟ್ರೊ ಹಿಡಿಯಬೇಕು. ಪಾರ್ಶ್ವವಾಯುವಿನಿಂದಲೋ ಬೆನ್ನುಹುರಿಗೆ ಬಿದ್ದ ಪೆಟ್ಟಿನಿಂದಲೋ ಕೈಕಾಲು ಸ್ವಾಧೀನ ತಪ್ಪಿದವರಿಗೂ ಈ ಓಡಾಟ ತಪ್ಪಿದ್ದಲ್ಲ. ಸಾಮಾನ್ಯ ಬ್ಯಾಟರಿ ವೀಲ್‌ಚೇರ್ ಗಂಟೆಗೆ ಸುಮಾರು 6 ಕಿ.ಮೀ. ಸಾಗುತ್ತದೆ. 3 ಕಿ.ಮೀ. ದೂರಕ್ಕೆ ಅರ್ಧ ಗಂಟೆ ಬೇಕು. ಇನ್ನಷ್ಟು ವೇಗ ಬೇಕೆನಿಸಿದರೆ ಹೀಗೆ ಮಾಡಿ.

1. ಈಗಿರುವುದನ್ನೇ ಪರೀಕ್ಷಿಸಿ
ಹಲವು ವೀಲ್‌ಚೇರ್‌ಗಳ ಕಂಟ್ರೋಲರ್‌ನಲ್ಲಿ ವೇಗದ ಮಿತಿಯನ್ನು ಕಡಿಮೆ ಇಟ್ಟಿರುತ್ತಾರೆ. ಅದನ್ನು ಹೆಚ್ಚಿಸಬಹುದೇ ಎಂದು ಕಂಪನಿಯ ತಂತ್ರಜ್ಞರನ್ನೇ ಕೇಳಿ. ಹಳೆಯ ಬ್ಯಾಟರಿ, ಗಾಳಿ ಇಳಿದ ಟೈರ್ ಕೂಡ ವೇಗ ತಗ್ಗಿಸುತ್ತವೆ. ಹೆಚ್ಚು ವೋಲ್ಟೇಜಿನ ಬ್ಯಾಟರಿ ಹಾಕಿಸುವ ಗ್ಯಾರೇಜ್ ಪ್ರಯೋಗ ಮಾತ್ರ ಬೇಡ. ಬ್ರೇಕ್ ಮತ್ತು ಮೋಟಾರು ಆ ವೇಗಕ್ಕೆ ತಯಾರಾಗಿರುವುದಿಲ್ಲ.

2. ದಾರಿಯ ಪಟ್ಟಿ ಬರೆಯಿರಿ
ಎಲ್ಲಿ ಹೊತ್ತು ಹೋಗುತ್ತಿದೆ ಎಂದು ಗುರುತಿಸಿ. ಫುಟ್‌ಪಾತಿನ ಎತ್ತರ, ಅಡ್ಡ ನಿಂತ ಸ್ಕೂಟರ್, ಕಿತ್ತುಹೋದ ಕಲ್ಲುಚಪ್ಪಡಿಗಳೇ ಅಡ್ಡಿಯಾದರೆ ಎಷ್ಟು ವೇಗವಿದ್ದರೂ ನಿಲ್ಲಲೇಬೇಕು. ಅಲ್ಲಿ ದೊಡ್ಡ ಚಕ್ರ ಮತ್ತು ಒಳ್ಳೆಯ ಸಸ್ಪೆನ್ಷನ್ ನೆರವಾಗುತ್ತವೆ. ಮನೆಯ ಬಾಗಿಲು, ಲಿಫ್ಟ್, ಬಚ್ಚಲುಮನೆಯ ಅಗಲವನ್ನೂ ಅಳೆದಿಟ್ಟುಕೊಳ್ಳಿ. ಮಧ್ಯದ ಚಕ್ರಕ್ಕೆ ಮೋಟಾರು ಇರುವ ಕುರ್ಚಿ ಇಕ್ಕಟ್ಟಿನಲ್ಲಿ ಸುಲಭವಾಗಿ ತಿರುಗುತ್ತದೆ. ಹಿಂದಿನ ಚಕ್ರಕ್ಕೆ ಇರುವುದು ವೇಗದಲ್ಲಿ ನೇರವಾಗಿ ಓಡುತ್ತದೆ.

3. ಕೈಯ ಬಲಕ್ಕೆ ತಕ್ಕ ಮಾದರಿ ಆರಿಸಿ
ಸೊಂಟದ ಕೆಳಗೆ ಮಾತ್ರ ಸ್ವಾಧೀನ ತಪ್ಪಿ, ತೋಳು ಗಟ್ಟಿಯಾಗಿದ್ದರೆ ಕೈಯಿಂದ ತಳ್ಳುವ ವೀಲ್‌ಚೇರ್‌ನ ಮುಂದೆ ಸಿಕ್ಕಿಸುವ ಮೋಟಾರು ಘಟಕ ನೋಡಬಹುದು. ಐಐಟಿ ಮದ್ರಾಸಿನಲ್ಲಿ ಹುಟ್ಟಿದ ನಿಯೋಮೋಷನ್ ಕಂಪನಿಯ ‘ನಿಯೋಬೋಲ್ಟ್’ ಇಂಥದ್ದು. ಇದರ ಗರಿಷ್ಠ ವೇಗ ಗಂಟೆಗೆ 25 ಕಿ.ಮೀ. ಮನೆ ತಲುಪಿದ ಮೇಲೆ ಕಳಚಿಡಬಹುದು. ಆದರೆ ಹ್ಯಾಂಡಲ್ ಹಿಡಿಯುವ ಶಕ್ತಿ ಬೇಕು. ದೇಹದ ಒಂದು ಪಾರ್ಶ್ವಕ್ಕೆ ಲಕ್ವ ಹೊಡೆದಿದ್ದರೆ ಜಾಯ್‌ಸ್ಟಿಕ್ ಸ್ವಾಧೀನವಿರುವ ಕೈಯ ಕಡೆಗಿರಲಿ. ಎರಡೂ ಕೈ ಆಡದಿದ್ದರೆ ಗಲ್ಲದಿಂದ ನಡೆಸುವ ಜಾಯ್‌ಸ್ಟಿಕ್ ಇದೆ.

4. ವೇಗಕ್ಕಿಂತ ಮೊದಲು ಬ್ರೇಕ್ ಕೇಳಿ
ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 12 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ 3 ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತೀರಿ. ಬ್ರಿಟನ್ನಿನಲ್ಲಿ ರಸ್ತೆಗಿಳಿಯುವ ವೀಲ್‌ಚೇರ್‌ಗೆ ಗಂಟೆಗೆ 8 ಮೈಲಿ, ಅಂದರೆ ಸುಮಾರು 13 ಕಿ.ಮೀ. ಮಿತಿಯಿದೆ, ಫುಟ್‌ಪಾತಿನಲ್ಲಿ ಅದರ ಅರ್ಧ ಮಾತ್ರ.

5. ಆಸನ ತೋರಿಸಿ ಸಲಹೆ ಪಡೆಯಿರಿ
ಸ್ಪರ್ಶಜ್ಞಾನ ಇಲ್ಲದವರಿಗೆ ಒತ್ತಡದ ಹುಣ್ಣು ಆಗುತ್ತಿರುವುದೇ ಗೊತ್ತಾಗುವುದಿಲ್ಲ. ಹಂಪ್ ಮೇಲಿನ ಕುಲುಕಾಟಕ್ಕೆ ಸ್ನಾಯು ಸೆಳೆತ ಬಂದು ಕಾಲು ಜಾರಬಹುದು. ಸರಿಯಾದ ದಿಂಬು, ಸೊಂಟದ ಬೆಲ್ಟ್, ಪಕ್ಕದ ಆಧಾರಗಳನ್ನು ಪುನಶ್ಚೇತನ ತಜ್ಞರೇ ಹೇಳಬೇಕು. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ನರ ಪುನಶ್ಚೇತನ ವಿಭಾಗವಿದೆ. 1959ರಲ್ಲಿ ಆರಂಭವಾದ, ವಿಕಲಚೇತನರಿಗಾಗಿ ದುಡಿಯುವ ಲಿಂಗರಾಜಪುರದ ಎಪಿಡಿ ಸಂಸ್ಥೆಯನ್ನೂ ವಿಚಾರಿಸಬಹುದು.

6. ನೆರವಿನ ದಾರಿ ಹುಡುಕಿ
ಮೊದಲು ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ. ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಆದಾಯ ಮಿತಿಯೊಳಗಿನ, ತೀವ್ರ ಅಂಗವೈಕಲ್ಯ ಇರುವವರಿಗೆ ಮೋಟಾರು ತ್ರಿಚಕ್ರ ಮತ್ತು ವೀಲ್‌ಚೇರ್‌ಗೆ ನೆರವುಂಟು. ಒಮ್ಮೆ ಪಡೆದರೆ ಮತ್ತೆ ಸಿಗಲು ವರ್ಷಗಳು ಕಾಯಬೇಕಾದ್ದರಿಂದ ಮಾದರಿಯನ್ನು ಯೋಚಿಸಿಯೇ ಒಪ್ಪಿಕೊಳ್ಳಿ. ರಾಜ್ಯದ ಯೋಜನೆಗಳಿಗೆ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯನ್ನು ಸಂಪರ್ಕಿಸಿ.

7. ನಿಮ್ಮ ಬೀದಿಯಲ್ಲೇ ಓಡಿಸಿ ನೋಡಿ
ಷೋರೂಮಿನ ನುಣುಪು ನೆಲದ ಮೇಲೆ ಎಲ್ಲ ಕುರ್ಚಿಗಳೂ ಚೆನ್ನಾಗಿ ಓಡುತ್ತವೆ. ಮನೆ ಹತ್ತಿರ ತರಿಸಿ, ಇಳಿಜಾರಿನಲ್ಲಿ ಬ್ರೇಕ್ ಹಾಕಿ, ಹಂಪ್ ಹತ್ತಿಸಿ, ಮೆಟ್ರೊ ಲಿಫ್ಟಿನೊಳಗೆ ತಿರುಗಿಸಿ ನೋಡಿ. ಬ್ಯಾಟರಿ ಹೇಳಿದಷ್ಟು ದೂರ ಬರುವುದು ಸಮತಟ್ಟಾದ ರಸ್ತೆಯಲ್ಲಿ ಮಾತ್ರ; ಹೋಗಿ ಬರುವ ದೂರಕ್ಕಿಂತ ಸಾಕಷ್ಟು ಹೆಚ್ಚು ಚಾರ್ಜ್ ಉಳಿಯುವಂತಿರಲಿ. ಕೆಟ್ಟರೆ ಬೆಂಗಳೂರಿನಲ್ಲೇ ದುರಸ್ತಿ ಮಾಡುವವರು ಯಾರು, ಬಿಡಿಭಾಗ ಎಷ್ಟು ದಿನಕ್ಕೆ ಬರುತ್ತದೆ, ಅಲ್ಲಿಯವರೆಗೆ ಬದಲಿ ಕುರ್ಚಿ ಕೊಡುತ್ತಾರೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆದ ಮೇಲೆಯೇ ಮುಂಗಡ ಕೊಡಿ.