ಪರಿಗ್ರಹ ಪರಿಮಾಣ ವ್ರತವೂ ಗೃಹೋಪಕರಣ ದಾನವೂ

ಶ್ರಾವಕನ ಪಂಚಾಣುವ್ರತಗಳಲ್ಲಿ ಐದನೆಯದು ಪರಿಗ್ರಹ ಪರಿಮಾಣ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ಇಚ್ಛಾಪರಿಮಾಣವೆಂಬ ಹೆಸರನ್ನೂ ಹೇಳಿದ್ದಾರೆ. ಅಳತೆಗೆ ಒಳಪಡಬೇಕಾದುದು ವಸ್ತುವಷ್ಟೇ ಅಲ್ಲ, ವಸ್ತುವಿನ ಮೇಲಣ ಇಚ್ಛೆಯೂ ಹೌದೆಂಬುದು ಆ ಹೆಸರಿನ ತಾತ್ಪರ್ಯ. ಅಷ್ಟಮಿ ಚತುರ್ದಶಿಗಳಂದು ಉಪವಾಸವಿದ್ದು ಆಹಾರವನ್ನು ತೊರೆಯುವ ಮನೆಗಳು ಅನೇಕ. ಅಟ್ಟದ ಮೇಲಿರುವ ಪಾತ್ರೆಗಳನ್ನು ಎಣಿಸಿ ನೋಡುವ ಮನೆಗಳು ಕೆಲವೇ. ಉಪವಾಸವು ಹೊಟ್ಟೆಯ ಇಚ್ಛೆಯನ್ನು ಬಿಗಿಹಿಡಿದರೆ ಈ ವ್ರತವು ಮನೆಯ ಇಚ್ಛೆಯನ್ನು ಬಿಗಿಹಿಡಿಯುತ್ತದೆ.

ಪರಿಗ್ರಹದ ಎಣಿಕೆ

ಕ್ಷೇತ್ರ, ವಾಸ್ತು, ಧನ, ಧಾನ್ಯ, ದ್ವಿಪದ, ಚತುಷ್ಪದ, ಯಾನ, ಶಯನಾಸನ, ಕುಪ್ಯ, ಭಾಂಡ ಎಂದು ಬಾಹ್ಯ ಪರಿಗ್ರಹವು ಹತ್ತು ವಿಧ. ವ್ರತ ಸ್ವೀಕರಿಸುವವರು ಹೊಲ, ಮನೆ, ಬಂಗಾರಗಳಿಗೆ ಮಿತಿಯನ್ನು ಹೇಳಿ ಅಲ್ಲಿಗೇ ನಿಲ್ಲಿಸುವುದುಂಟು. ಆದರೆ ಕೊನೆಯ ಮೂರನ್ನು ಗಮನಿಸಬೇಕು. ಶಯನಾಸನವೆಂದರೆ ಮಂಚ, ಹೊರಸು, ಹಾಸಿಗೆ, ಕುರ್ಚಿ ಮೊದಲಾದವು. ಕುಪ್ಯವೆಂದರೆ ಬಟ್ಟೆಬರೆ. ಭಾಂಡವೆಂದರೆ ಕೊಡ, ತಂಬಿಗೆ, ಗಂಗಾಳ ಮೊದಲಾದ ಪಾತ್ರೆಗಳು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿಯೂ ಈ ವ್ರತದ ಅತಿಚಾರಗಳನ್ನು ಹೇಳುವಾಗ ಕುಪ್ಯದ ಪ್ರಮಾಣ ಮೀರುವುದನ್ನು ಸೇರಿಸಲಾಗಿದೆ. ಮನೆಯ ಸಾಮಾನು ಕ್ಷುಲ್ಲಕವೆಂದು ಶಾಸ್ತ್ರಕಾರರು ಬಿಟ್ಟಿಲ್ಲ.

ಸಮಂತಭದ್ರರು ಹೇಳಿದ ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಾಹನ ಎಂಬ ಐದು ಅತಿಚಾರಗಳಲ್ಲಿ ಅತಿಸಂಗ್ರಹವು ಗೃಹಿಣಿಗೂ ಗೃಹಸ್ಥನಿಗೂ ನಿತ್ಯ ಎದುರಾಗುವಂಥದು. ಮದುವೆ ಮುಂಜಿಗಳಲ್ಲಿ ಬಂದ ಉಡುಗೊರೆಯ ಪಾತ್ರೆಗಳು ಪೆಟ್ಟಿಗೆಯಲ್ಲಿಯೇ ಉಳಿದು ವರ್ಷಗಳು ಸಂದಿರುತ್ತವೆ. ಅವು ಮನೆಯವರ ಉಪಯೋಗಕ್ಕೂ ಇಲ್ಲ, ಪರರ ಉಪಯೋಗಕ್ಕೂ ಇಲ್ಲ. ಮಮಕಾರಕ್ಕೆ ಮಾತ್ರ ನೆಲೆಯಾಗಿವೆ.

ಯಾರಿಗೆ ಯಾವ ದಾನ

ದಿಗಂಬರ ಮುನಿಗಳಿಗೆ ಮಂಚವೂ ಬೇಡ, ಪಾತ್ರೆಯೂ ಬೇಡ. ಪಾಣಿಪಾತ್ರದಲ್ಲಿ ಆಹಾರ ಸ್ವೀಕರಿಸುವ ಅವರಿಗೆ ಪಿಂಛಿ, ಕಮಂಡಲು, ಶಾಸ್ತ್ರಗಳೇ ಉಪಕರಣಗಳು. ಆದುದರಿಂದ ಗೃಹೋಪಕರಣ ದಾನವನ್ನು ಪಾತ್ರದತ್ತಿಯೊಡನೆ ಬೆರೆಸಬಾರದು. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ದತ್ತಿಯು ನಾಲ್ಕು ತೆರನಾಗಿದೆ. ತನಗೆ ಸಮಾನನಾದ ಸಾಧರ್ಮಿಕ ಗೃಹಸ್ಥನಿಗೆ ಗೌರವದಿಂದ ಕೊಡುವುದು ಸಮದತ್ತಿ. ಸಂಕಟದಲ್ಲಿರುವ ಜೀವಿಗೆ ಮತಭೇದವೆಣಿಸದೆ ಅನುಕಂಪದಿಂದ ನೀಡುವುದು ದಯಾದತ್ತಿ. ಸಂಸಾರ ಹೂಡಲು ಬೇಕಾದ ಸಾಮಾನು ಇವೆರಡಕ್ಕೂ ಸಲ್ಲುತ್ತದೆ.

ನಾಡಿನಲ್ಲಿ ಕಂಡುಬರುವ ನಿದರ್ಶನ

ಈ ದಾನದ ಅಗತ್ಯವು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಗೆ ಹೊಸದಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ ಘಟಪ್ರಭಾ ನದಿಗಳು ಉಕ್ಕಿ ಹರಿದಾಗ ಅನೇಕ ಕುಟುಂಬಗಳು ಕೈಗೆ ಸಿಕ್ಕಷ್ಟನ್ನು ಹೊತ್ತು ಪರಿಹಾರ ಕೇಂದ್ರಗಳನ್ನು ಸೇರಿದವು. ಅಂಥ ಸಮಯದಲ್ಲಿ ಅನ್ನವು ಮೊದಲು ಬರುತ್ತದೆ, ಬಟ್ಟೆಯೂ ಬರುತ್ತದೆ. ನೆರೆ ಇಳಿದು ಜನರು ಮನೆಗೆ ಮರಳಿದ ಮೇಲೆ ಅನ್ನ ಬೇಯಿಸುವ ಪಾತ್ರೆ, ನೀರು ತುಂಬುವ ಕೊಡ, ಮುದುಕರು ಒರಗುವ ಹೊರಸು, ಮಕ್ಕಳು ಹೊದೆಯುವ ಕೌದಿ ಇವುಗಳ ಕೊರತೆ ತಿಂಗಳುಗಟ್ಟಲೆ ಉಳಿಯುತ್ತದೆ. ನೇಕಾರನ ಮಗ್ಗದ ಕುಣಿಯಲ್ಲಿ ನೀರು ನಿಂತರೆ ದುಡಿಮೆಯೂ ನಿಂತು, ಹೊಸ ಪಾತ್ರೆ ಕೊಳ್ಳುವ ಶಕ್ತಿಯೂ ಇಲ್ಲವಾಗುತ್ತದೆ.

ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಆರಂಭವಾಗಿ ಮುಂದೆ ರಾಜ್ಯದ ಇತರ ಜಿಲ್ಲೆಗಳಿಗೂ ಹಬ್ಬಿತು. ಇದರ ‘ವಾತ್ಸಲ್ಯ’ ಕಾರ್ಯಕ್ರಮದಲ್ಲಿ ದಿಕ್ಕಿಲ್ಲದ ವೃದ್ಧರಿಗೂ ಅಶಕ್ತರಿಗೂ ಪಾತ್ರೆ, ಬಟ್ಟೆ, ಚಾಪೆ, ಹೊದಿಕೆಗಳನ್ನು ಕೊಡಲಾಗುತ್ತದೆ. ವಾತ್ಸಲ್ಯವು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲೊಂದು. ಉಪಸರ್ಗಕ್ಕೆ ಸಿಲುಕಿದ 700 ಮುನಿಗಳನ್ನು ಕಾಪಾಡಿದ ವಿಷ್ಣುಕುಮಾರ ಮುನಿಗಳ ಕಥೆಯಿಂದ ಈ ಅಂಗವು ಪ್ರಸಿದ್ಧ. ದೆಹಲಿಯಲ್ಲಿ 1999ರಲ್ಲಿ ಸ್ಥಾಪಿತವಾದ ‘ಗೂಂಜ್’ ಸಂಸ್ಥೆಯು ನಗರದ ಮನೆಗಳಲ್ಲಿ ಮಿಕ್ಕ ಬಟ್ಟೆಬರೆ ಸಾಮಾನುಗಳನ್ನು ಸಂಗ್ರಹಿಸುತ್ತದೆ. ಹಳ್ಳಿಯ ಜನರು ಕೆರೆ, ರಸ್ತೆ ಮೊದಲಾದ ಊರ ಕೆಲಸವನ್ನು ಮಾಡಿ ಅವುಗಳನ್ನು ಪಡೆಯುತ್ತಾರೆ. ಪಡೆಯುವವನು ಯಾಚಕನಾಗದಂತೆ ನೋಡಿಕೊಂಡ ಈ ಕ್ರಮವು ವಿಚಾರಾರ್ಹ.

ಮುಧೋಳದ ಬಳೆಗಾರರ ಮನೆಯಲ್ಲಿ 949ರಲ್ಲಿ ಜನಿಸಿದ ರನ್ನನು ದಾನಚಿಂತಾಮಣಿ ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ರಚಿಸಿದನು. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದ ಆ ಶ್ರಾವಿಕೆಯ ಕೀರ್ತಿಯು ಕೂಡಿಟ್ಟುದರಿಂದ ಬಂದುದಲ್ಲ, ಕೊಟ್ಟುದರಿಂದ ಬಂದುದು.

ಆಚರಣೆಯ ಕ್ರಮ

1. ದಶಲಕ್ಷಣ ಪರ್ವದ ಎಂಟನೆಯ ದಿನ ಉತ್ತಮ ತ್ಯಾಗ, ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ. ಪರ್ವಕ್ಕೆ ಮುನ್ನವೇ ಮನೆಯ ಶಯನಾಸನ, ಕುಪ್ಯ, ಭಾಂಡಗಳ ಪಟ್ಟಿ ಮಾಡಿ, ಇಂತಿಷ್ಟೆಂದು ನಿಯಮ ಸ್ವೀಕರಿಸುವುದು ಉಚಿತ. ಮಿಕ್ಕುದನ್ನು ಮಗನ ಹೆಸರಿಗೆ ಬರೆದರೆ ವ್ರತ ಪಾಲಿಸಿದಂತಾಗದು.

2. ಬಹುಕಾಲ ಮೂಲೆಯಲ್ಲಿದ್ದ ಹೊರಸು, ಹಾಸಿಗೆಗಳಲ್ಲಿ ತಿಗಣೆ ಮೊದಲಾದ ಜೀವಗಳು ನೆಲೆಸಿರುತ್ತವೆ. ಅವನ್ನು ಒಮ್ಮೆಲೇ ಉರಿಬಿಸಿಲಿಗೆ ಹಾಕದೆ, ಮೃದುವಾದ ವಸ್ತುವಿನಿಂದ ಯತ್ನಪೂರ್ವಕ ಒರೆಸಿ ಶೋಧಿಸಬೇಕು. ದಾನದ ಹೆಸರಿನಲ್ಲಿ ಹಿಂಸೆ ನಡೆಯಬಾರದು.

3. ಕಾಲು ಮುರಿದ ಕುರ್ಚಿ, ತೂತುಬಿದ್ದ ಕೊಡ ದಾನವಲ್ಲ, ಕಸ ಹೊರಹಾಕಿದಂತೆ. ದುರಸ್ತಿ ಮಾಡಿಸಿ, ಕಲಾಯಿ ಹಾಕಿಸಿ, ತಾನೇ ಬಳಸಬಹುದಾದ ಸ್ಥಿತಿಯಲ್ಲಿ ಕೊಡಬೇಕು.

4. ಏನು ಬೇಕೆಂದು ಪಡೆಯುವವರನ್ನೇ ವಿನಯದಿಂದ ವಿಚಾರಿಸಬೇಕು. ಸಭೆ ಸೇರಿಸಿ, ಹೆಸರು ಸಾರಿ ಕೊಡುವಲ್ಲಿ ಕೊಡುವವನ ಮಾನಕಷಾಯವು ಬೆಳೆಯುತ್ತದೆ, ಪಡೆಯುವವನ ತಲೆ ತಗ್ಗುತ್ತದೆ.

5. ಕೊಟ್ಟು ತೆರವಾದ ಜಾಗವನ್ನು ಹೊಸ ಖರೀದಿಯಿಂದ ತುಂಬಿದರೆ ವಸ್ತು ಬದಲಾಯಿತೇ ಹೊರತು ಇಚ್ಛೆಯು ಕುಗ್ಗಲಿಲ್ಲ. ಈ ವ್ರತದ ನಿಜವಾದ ಪರೀಕ್ಷೆ ಇಲ್ಲಿಯೇ.

ನೋಂಪಿಯ ಉದ್ಯಾಪನೆಯಲ್ಲಿ ಬಸದಿಗೆ ಉಪಕರಣಗಳನ್ನು ಒಪ್ಪಿಸುವ ಪದ್ಧತಿ ಹಿಂದಿನಿಂದ ಬಂದುದು. ಅದರೊಡನೆ ಒಂದು ಬಡ ಸಂಸಾರಕ್ಕೆ ಅಡಿಗೆಯ ಪಾತ್ರೆಗಳನ್ನೂ ಹಾಸುಹೊದಿಕೆಯನ್ನೂ ಕೊಟ್ಟರೆ ಉದ್ಯಾಪನೆಗೆ ದಯಾದತ್ತಿಯೂ ಕೂಡಿಬರುತ್ತದೆ.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

1. ಹತ್ತು ಬಾಹ್ಯ ಪರಿಗ್ರಹಗಳಾವುವು? ಅವುಗಳಲ್ಲಿ ಮನೆಯ ಸಾಮಾನು ಯಾವುದರಲ್ಲಿ ಸೇರುತ್ತದೆ?

2. ಸಮದತ್ತಿಗೂ ದಯಾದತ್ತಿಗೂ ಇರುವ ಭೇದವೇನು?

3. ಒಂದು ವರ್ಷದಿಂದ ಉಪಯೋಗಿಸದ ವಸ್ತುಗಳು ಮನೆಯಲ್ಲಿ ಎಷ್ಟಿವೆ? ಅವುಗಳನ್ನು ಇಟ್ಟುಕೊಂಡಿರುವ ಕಾರಣವೇನು?