ಪೆಟ್ಟು ಹಣೆಬರಹವಲ್ಲ

ಮಕ್ಕಳೇ, ಯಾರಾದರೂ ಬಿದ್ದು ಪೆಟ್ಟು ಮಾಡಿಕೊಂಡರೆ ಹಿರಿಯರು ‘ಏನೋ ಗ್ರಹಚಾರ’ ಅಂತಾರೆ. ಆದರೆ ಪೆಟ್ಟು ಯಾಕೆ ಆಗುತ್ತೆ ಅಂತ ಅಧ್ಯಯನ ಮಾಡುವವರೂ ಇದ್ದಾರೆ. ಅಂಥ ಒಂದು ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ.

ಹೊಸೂರು ರಸ್ತೆಯ ನಿಮ್ಹಾನ್ಸ್ ನಿಮ್ಮ ಅಪ್ಪ ಅಮ್ಮನಿಗೆ ಗೊತ್ತಿರುತ್ತೆ. ಮನಸ್ಸು, ಮೆದುಳು, ನರಗಳ ಕಾಯಿಲೆಗೆ ಚಿಕಿತ್ಸೆ ಕೊಡುವ ದೊಡ್ಡ ಆಸ್ಪತ್ರೆ ಅದು. 1994ರಲ್ಲಿ ಅದಕ್ಕೆ ವಿಶ್ವವಿದ್ಯಾಲಯದ ಸ್ಥಾನಮಾನವೂ ಸಿಕ್ಕಿತು. ಅಪಘಾತದಲ್ಲಿ ತಲೆಗೆ ಪೆಟ್ಟಾದವರನ್ನೂ ಅಲ್ಲಿಗೆ ಕರೆತರುತ್ತಾರೆ. ಒಡೆದ ತಲೆಗೆ ಹೊಲಿಗೆ ಹಾಕಿದರೆ ಸಾಕೇ? ತಲೆ ಒಡೆಯದ ಹಾಗೆ ನೋಡಿಕೊಳ್ಳಬೇಡವೇ? ಈ ಕೆಲಸಕ್ಕಾಗಿ ಅಲ್ಲಿನ ಎಪಿಡೆಮಿಯಾಲಜಿ ವಿಭಾಗದ ಡಾ. ಜಿ. ಗುರುರಾಜ್ ಮತ್ತು ಸಂಗಡಿಗರು ಹಲವು ವರ್ಷ ದುಡಿದಿದ್ದಾರೆ. ಗಾಯ ತಡೆಗಟ್ಟುವ ಕೆಲಸದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅವರ ಜೊತೆ ಕೈಜೋಡಿಸಿದೆ.

ಅವರು ಮಾಡೋದೇನು? ಆಸ್ಪತ್ರೆಗಳಿಂದ, ಪೊಲೀಸರಿಂದ ಮಾಹಿತಿ ಕಲೆಹಾಕುತ್ತಾರೆ. ಯಾರಿಗೆ, ಎಲ್ಲಿ, ಯಾವ ಹೊತ್ತಿನಲ್ಲಿ ಪೆಟ್ಟಾಯಿತು? ಹೆಲ್ಮೆಟ್ ಇತ್ತೋ, ಇಲ್ಲವೋ? ಒಂದು ಅಪಘಾತ ನೋಡಿದರೆ ಆಕಸ್ಮಿಕ ಅನ್ನಿಸುತ್ತೆ. ಸಾವಿರ ಅಪಘಾತಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಕಾರಣ ಕಾಣುತ್ತೆ. ಕಾರಣ ಗೊತ್ತಾದರೆ ರಸ್ತೆ ಸರಿಮಾಡಬಹುದು, ನಿಯಮ ತರಬಹುದು.

ಲೆಕ್ಕ ಹಾಕಿ ಪೆಟ್ಟು ತಪ್ಪಿಸಿದ ಕಥೆ ನಮ್ಮ ಪಕ್ಕದ ನ್ಯೂಯಾರ್ಕ್‌ನಲ್ಲೂ ಇದೆ. ಪುಟ್ಟ ಮಕ್ಕಳು ಕಿಟಕಿಯಿಂದ ಬೀಳುತ್ತಿರುವುದನ್ನು ಅಲ್ಲಿನ ಆರೋಗ್ಯ ಇಲಾಖೆ ಗಮನಿಸಿತು. ಅಂಥ ಮಕ್ಕಳಿರುವ ಅಪಾರ್ಟ್‌ಮೆಂಟಿನ ಕಿಟಕಿಗಳಿಗೆ ಸರಳು ಹಾಕಿಸಬೇಕು ಅಂತ 1976ರಲ್ಲಿ ನಿಯಮ ಬಂತು. ಬೀಳುವ ಮಕ್ಕಳ ಸಂಖ್ಯೆ ಬಹಳ ಇಳಿಯಿತು.

ಈಗ ನಮ್ಮ ವಿಷಯ. ಕ್ರ್ಯಾನ್‌ಬರಿಯಲ್ಲಿ ಸೈಕಲ್ ಹತ್ತುವಾಗ ಹೆಲ್ಮೆಟ್ ಹಾಕುತ್ತೇವೆ. 17 ವರ್ಷದೊಳಗಿನವರಿಗೆ ನ್ಯೂಜೆರ್ಸಿಯಲ್ಲಿ ಅದು ಕಾನೂನು. ಬೇಸಿಗೆ ರಜೆಗೆ ಊರಿಗೆ ಹೋದಾಗ? ‘ಇಲ್ಲೇ ಅಂಗಡಿಗೆ ತಾನೇ’ ಅಂತ ಮಾವನ ಸ್ಕೂಟರಿನ ಹಿಂದೆ ಬರಿತಲೆಯಲ್ಲಿ ಕೂರುತ್ತೇವೆ! 4 ವರ್ಷ ದಾಟಿದ ಮಕ್ಕಳಿಗೂ ಹೆಲ್ಮೆಟ್ ಬೇಕು ಅನ್ನುತ್ತೆ ಭಾರತದ ಕಾನೂನು. ಹೆಲ್ಮೆಟ್ ಹಾಕಿದ ಸವಾರರಿಗೆ ತಲೆಗೆ ಪೆಟ್ಟಾಗುವ ಅಪಾಯ ಸುಮಾರು ಶೇ. 69ರಷ್ಟು, ಸಾವಿನ ಅಪಾಯ ಸುಮಾರು ಶೇ. 42ರಷ್ಟು ಕಡಿಮೆ ಅಂತ ಹಲವು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದವರು ಹೇಳಿದ್ದಾರೆ.

ಹಾಗಾಗಿ ಈ ಸಲ ಊರಿಗೆ ಹೊರಡುವ ಮೊದಲೇ ನಿಮ್ಮ ತಲೆಯ ಸುತ್ತಳತೆ ತೆಗೆದು ಮಾವನಿಗೆ ಫೋನಿನಲ್ಲಿ ಹೇಳಿ. ಐಎಸ್‌ಐ ಗುರುತಿನ ಹೆಲ್ಮೆಟ್ ತಂದಿಡಲಿ. ಇಲ್ಲಿನ ಸೈಕಲ್ ಹೆಲ್ಮೆಟ್ ಸ್ಕೂಟರಿಗೆ ಸಾಲದು.

ಹೊಸ ಪದಗಳು
ಗ್ರಹಚಾರ – ಕೆಟ್ಟ ಕಾಲ, ದುರದೃಷ್ಟ
ಆಕಸ್ಮಿಕ – ಎಣಿಸದೆ ಆದದ್ದು
ಎಪಿಡೆಮಿಯಾಲಜಿ – ಕಾಯಿಲೆ, ಪೆಟ್ಟು ಯಾರಿಗೆ, ಎಲ್ಲಿ, ಯಾಕೆ ಆಗುತ್ತೆ ಅಂತ ತಿಳಿಯುವ ವಿದ್ಯೆ

ಮನೆಯಲ್ಲಿ ಮಾಡಿ
ಒಂದು ತಿಂಗಳು ಮನೆಯಲ್ಲಿ ಯಾರಿಗೆ, ಎಲ್ಲಿ, ಹೇಗೆ ಪೆಟ್ಟಾಯಿತು ಅಂತ ಕನ್ನಡದಲ್ಲಿ ಬರೆದಿಡಿ. ಒಂದೇ ಜಾಗದಲ್ಲಿ ಎರಡು ಸಲ ಆಗಿದ್ದರೆ, ಅಲ್ಲಿ ಏನು ಬದಲಾಯಿಸಬಹುದು? ಅಪ್ಪ ಅಮ್ಮನ ಜೊತೆ ಮಾತಾಡಿ.