ನೇರಳೆ ಚೀಲ ಮೊದಲು

ಹೋದ ಚಳಿಗಾಲದಲ್ಲಿ ಲಂಡನ್ನಿನ ಹ್ಯಾರೋದಲ್ಲಿರುವ ನೆಂಟರ ಮನೆಯಲ್ಲಿ ನಾಲ್ಕು ದಿನ ಇದ್ದೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಮನೆಯ ದಿನಸಿ ಎಲ್ಲ ಆನ್‌ಲೈನ್. ಒಂದು ಮಧ್ಯಾಹ್ನ ನಾನು ವಾಕಿಂಗ್ ಮುಗಿಸಿ ಬಂದು ನೋಡುತ್ತೇನೆ, ಪ್ಯಾಸೇಜಿನಲ್ಲಿ ಬಿಸಿ ರೇಡಿಯೇಟರ್ ಪಕ್ಕದಲ್ಲೇ ಐದಾರು ಚೀಲ ಕೂತಿವೆ. ಹೆಂಡತಿ, ಆ ಹುಡುಗಿ, ಮಹಡಿಯ ಮೇಲೆ ಮೀಟಿಂಗಿನಲ್ಲಿದ್ದಾಳೆ. ವ್ಯಾನ್ ಬಂದು ಹೋಗಿ ಒಂದೂಕಾಲು ಗಂಟೆಯಾಗಿತ್ತಂತೆ. ಒಂದು ಚೀಲದ ಅಡಿಯಲ್ಲಿ ನೀರು ಜಿನುಗಿತ್ತು. ಒಳಗೆ ಕೈ ಹಾಕಿದರೆ ತೆಂಗಿನ ತುರಿಯ ಪ್ಯಾಕೆಟ್ಟಿನ ಅಂಚು ಮೆತ್ತಗಾಗಿದೆ, ಮೀನಿನ ಪ್ಯಾಕೆಟ್ ಒತ್ತಿದರೆ ಬೆರಳು ಒಳಗೆ ಹೋಗುತ್ತಿದೆ. ಅವಳು ಇಳಿದು ಬಂದು, "ಏನೂ ಆಗಲ್ಲ ಬಿಡಿ ದೊಡ್ಡಮ್ಮ, ಫ್ರೀಜರ್‌ಗೆ ಹಾಕಿದರೆ ಮತ್ತೆ ಗಟ್ಟಿಯಾಗುತ್ತೆ" ಅಂದಳು.

ಆ ಮಾತಿಗೆ ಅವತ್ತು ಎರಡೇ ಮಾತಿನಲ್ಲಿ ಉತ್ತರ ಕೊಟ್ಟೆ. ನಿಮ್ಮಲ್ಲಿ ಬಹಳ ಜನ ಹೀಗೇ ಮಾಡುತ್ತೀರಿ ಎಂದು ಗೊತ್ತಿರುವುದರಿಂದ ಈಗ ಕುಳಿತು ಪೂರ್ತಿಯಾಗಿ ಹೇಳುತ್ತೇನೆ.

ಆ ಚೀಲ ನಿಮ್ಮ ಬಾಗಿಲಿಗೆ ಹೇಗೆ ಬಂತು ಎನ್ನುವುದನ್ನು ಮೊದಲು ತಿಳಿದುಕೊಳ್ಳಿ. ಆಗ್ನೇಯ ಲಂಡನ್ನಿನಲ್ಲಿ, ಥೇಮ್ಸ್ ನದಿಯ ದಂಡೆಯ ಈರಿತ್‌ನಲ್ಲಿ, ಆನ್‌ಲೈನ್‌ನಲ್ಲಿ ದಿನಸಿ ಮಾರುವ ಒಕಾಡೊ ಕಂಪನಿಯ ದೊಡ್ಡ ಉಗ್ರಾಣ ಇದೆ. 2018ರಲ್ಲಿ ಕೆಲಸ ಶುರು ಮಾಡಿತು. ನಮ್ಮ ಕಾಲದ ಉಗ್ರಾಣದಂತೆ ಸಾಲು ಸಾಲು ಕಪಾಟು, ನಡುವೆ ಓಡಾಡಲು ದಾರಿ ಅಲ್ಲಿಲ್ಲ. ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಬಾವಿಯ ಹಾಗೆ ಆಳಕ್ಕೆ ಪೇರಿಸಿದ್ದಾರೆ. ಮೇಲೆ ಚದುರಂಗದ ಮಣೆಯಂಥ ಹಳಿ. ಆ ಹಳಿಯ ಮೇಲೆ ವಾಷಿಂಗ್ ಮಷೀನ್ ಗಾತ್ರದ ರೋಬೋಗಳು ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಓಡುತ್ತವೆ, ಒಂದಕ್ಕೊಂದು ತಾಗದ ಹಾಗೆ ಕೂದಲೆಳೆಯ ಅಂತರದಲ್ಲಿ ಹಾದು ಹೋಗುತ್ತವೆ. ನಿಮಗೆ ಬೇಕಾದ ಮೊಸರು ಕೆಳಗಿನ ಪೆಟ್ಟಿಗೆಯಲ್ಲಿದ್ದರೆ, ಮೇಲಿನ ಪೆಟ್ಟಿಗೆಗಳನ್ನು ಎತ್ತಿ ಪಕ್ಕಕ್ಕಿಟ್ಟು ಅದನ್ನು ಮೇಲಕ್ಕೆ ತರುತ್ತವೆ. ಹೆಚ್ಚು ಬಿಕರಿಯಾಗುವ ಸಾಮಾನು ತಾನಾಗಿಯೇ ಮೇಲಿನ ಪೆಟ್ಟಿಗೆಗಳಿಗೆ ಬಂದು ಸೇರುತ್ತದೆ. ಐವತ್ತು ಸಾಮಾನಿನ ಪಟ್ಟಿಯನ್ನು ಐದೇ ನಿಮಿಷದಲ್ಲಿ ಜೋಡಿಸುತ್ತವೆ.

ಮಾಮೂಲಿ ದಿನಸಿಯ ಹಳಿ ಬೇರೆ, ತಂಪಿನ ಸಾಮಾನಿನ ಹಳಿ ಬೇರೆ. ಹಾಲು, ಮೊಸರು, ಪನೀರ್ ಇರುವ ಕಡೆ ಇಡೀ ಜಾಗವೇ ಒಂದು ಫ್ರಿಡ್ಜ್. ಇಂಗ್ಲೆಂಡಿನ ಕಾನೂನಿನಂತೆ ತಂಪಿನ ಸಾಮಾನು 8 ಡಿಗ್ರಿ ಸೆಲ್ಸಿಯಸ್ ಮೀರುವ ಹಾಗಿಲ್ಲ. ಫ್ರೋಜನ್ ಸಾಮಾನಿಗೆ ಮೈನಸ್ 18 ಡಿಗ್ರಿ ಬೇಕು. ಅಂಥ ಚಳಿಯಲ್ಲಿ ಮನುಷ್ಯ ಎಷ್ಟು ಹೊತ್ತು ನಿಂತಾನು? ಬೆರಳು ಮರಗಟ್ಟುತ್ತದೆ, ಕೈ ತಪ್ಪುತ್ತದೆ. ಬಾಗಿಲು ತೆಗೆದಷ್ಟೂ ಬೆಚ್ಚನೆಯ ಗಾಳಿ ಒಳಗೆ ನುಗ್ಗುತ್ತದೆ. ಅದಕ್ಕೇ ಯೂರೋಪಿನ ದೊಡ್ಡ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಮಹಡಿ ಮನೆಗಳಿಗಿಂತ ಎತ್ತರದ ಕಪಾಟು ಕಟ್ಟಿ, ಸಾಮಾನು ಇಡುವ ತೆಗೆಯುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿರುವುದು. ಯಂತ್ರಕ್ಕೆ ಚಳಿ ಇಲ್ಲ, ಬೆಳಕೂ ಬೇಡ. ಯಾವ ಪೆಟ್ಟಿಗೆಯಲ್ಲಿ ಏನಿದೆ, ಅದರ ತಾರೀಕು ಯಾವಾಗ ಮುಗಿಯುತ್ತದೆ ಎನ್ನುವುದು ಅದರ ಲೆಕ್ಕದಲ್ಲಿ ಇರುತ್ತದೆ.

ಇಷ್ಟೆಲ್ಲ ಜೋಪಾನದಿಂದ ಬಂದದ್ದನ್ನು ನೀವು ರೇಡಿಯೇಟರ್ ಪಕ್ಕದಲ್ಲಿ ಕೂರಿಸಿದರೆ ಹೇಗೆ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವುದು ಇದಕ್ಕೇ. ಉಗ್ರಾಣದವರದೂ ವ್ಯಾನಿನವರದೂ ಕೆಲಸ ನಿಮ್ಮ ಹೊಸ್ತಿಲಿಗೆ ಮುಗಿಯಿತು. ಅಲ್ಲಿಂದ ಫ್ರೀಜರ್‌ವರೆಗಿನ ಹತ್ತು ಹೆಜ್ಜೆ ನಿಮ್ಮದು.

ಒಕಾಡೊದವರು ಚೀಲಕ್ಕೆ ಬಣ್ಣ ಕೊಟ್ಟಿದ್ದಾರೆ: ನೇರಳೆ ಫ್ರೀಜರಿಗೆ, ಕೆಂಪು ಫ್ರಿಡ್ಜಿಗೆ, ಹಸಿರು ಕಪಾಟಿಗೆ. ಬೇರೆ ಅಂಗಡಿಯಿಂದ ತರಿಸುವವರೂ ಈ ಕ್ರಮವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನೇರಳೆ ಮೊದಲು, ಕೆಂಪು ಆಮೇಲೆ. ಹಸಿರು ಸಂಜೆಯವರೆಗೆ ಕೂತರೂ ಅಕ್ಕಿ ಬೇಳೆಗೆ ಏನೂ ಆಗದು. ಮೀಟಿಂಗ್ ಇರುವ ಹೊತ್ತಿಗೆ ಡೆಲಿವರಿ ಸಮಯ ಹಾಕಿಕೊಳ್ಳಬೇಡಿ. ಬೆಳಿಗ್ಗೆ ಏಳು ಗಂಟೆಗೋ ರಾತ್ರಿ ಎಂಟಕ್ಕೋ, ಮನೆಯಲ್ಲಿ ಕೈ ಖಾಲಿ ಇರುವವರು ಒಬ್ಬರಾದರೂ ಇರುವ ಹೊತ್ತಿಗೆ ಹಾಕಿಕೊಳ್ಳಿ. "ಬಾಗಿಲ ಹೊರಗೆ ಇಟ್ಟು ಹೋಗಿ" ಎಂದು ಡ್ರೈವರಿಗೆ ಹೇಳುವ ಅಭ್ಯಾಸವನ್ನಂತೂ ಬಿಟ್ಟೇ ಬಿಡಿ. ವ್ಯಾನ್ ಬರುವ ಮೊದಲೇ ಫ್ರೀಜರಿನ ಒಂದು ಡ್ರಾಯರ್ ಖಾಲಿ ಮಾಡಿಡಿ. ಬಾಗಿಲು ತೆರೆದಿಟ್ಟುಕೊಂಡು ಎಲ್ಲಿಡಲಿ ಎಂದು ಯೋಚಿಸುತ್ತಾ ನಿಂತರೆ ಒಳಗಿನ ಹಳೆಯ ಸಾಮಾನಿಗೂ ಕೇಡು.

ಈಗ ಆ ಹುಡುಗಿಯ ಮಾತಿಗೆ ಬರುತ್ತೇನೆ. ಮತ್ತೆ ಗಟ್ಟಿಯಾಗುತ್ತದೆ, ನಿಜ. ಆದರೆ ಗಟ್ಟಿಯಾದದ್ದೆಲ್ಲ ಚೆನ್ನಾಗಿದೆ ಎಂದಲ್ಲ. ಫ್ರೀಜರ್ ಕ್ರಿಮಿಗಳನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೆ. ಸಾಮಾನು ಕರಗಿ ಬೆಚ್ಚಗಾದಾಗ ಅವು ಎದ್ದು ಬೆಳೆಯುತ್ತವೆ, ಮತ್ತೆ ಹೆಪ್ಪುಗಟ್ಟಿಸಿದರೆ ಬೆಳೆದಷ್ಟೂ ಹಾಗೇ ಉಳಿಯುತ್ತವೆ. ರುಚಿಯ ಮಾತೂ ಇದೆ. ಕಾರ್ಖಾನೆಯಲ್ಲಿ ಬೇಗ ಹೆಪ್ಪುಗಟ್ಟಿಸುತ್ತಾರೆ, ಮಂಜಿನ ಹರಳು ಸಣ್ಣದಾಗಿರುತ್ತದೆ. ನಿಮ್ಮ ಮನೆಯ ಫ್ರೀಜರ್ ನಿಧಾನ, ಹರಳು ದೊಡ್ಡದಾಗಿ ಬೆಳೆದು ಒಳಗಿನ ತಿರುಳನ್ನು ಹರಿದು ಹಾಕುತ್ತದೆ. ತೆಂಗಿನ ತುರಿ ಚಟ್ನಿಗೆ ಹಾಕಿದಾಗ ಹಿಂಡಿದ ಹಿಪ್ಪೆಯಂತೆ ಆಗುವುದು, ಬಂಗುಡೆ ಸಾರಿನಲ್ಲಿ ಪುಡಿಪುಡಿಯಾಗುವುದು ಇದರಿಂದಲೇ.

ಪರೀಕ್ಷೆ ಬೇಕಾದರೆ ಬಟಾಣಿ ಪ್ಯಾಕೆಟ್ ಕೈಗೆತ್ತಿಕೊಂಡು ಅಲುಗಿಸಿ. ಕಾಳು ಕಾಳು ಬಿಡಿಯಾಗಿ ಗಲಗಲ ಎನ್ನಬೇಕು. ಇಡೀ ಪ್ಯಾಕೆಟ್ ಒಂದೇ ಹೆಂಟೆಯಾಗಿ, ಒಳಗೆ ಬಿಳಿ ಮಂಜು ಕಟ್ಟಿದ್ದರೆ ಅದು ದಾರಿಯಲ್ಲೋ ನಿಮ್ಮ ಪ್ಯಾಸೇಜಿನಲ್ಲೋ ಒಮ್ಮೆ ಕರಗಿದೆ. ಬಾಗಿಲಲ್ಲೇ ಹಾಗೆ ಕಂಡರೆ ಸಂಕೋಚ ಪಡದೆ ವಾಪಸ್ ಕೊಡಿ. ನಿಮ್ಮ ಕೈಯಲ್ಲೇ ಕರಗಿತೋ, ಫ್ರಿಡ್ಜಿನಲ್ಲಿಟ್ಟು 24 ಗಂಟೆಯೊಳಗೆ ಬಳಸಿ. ಹಸಿ ಮೀನು ಮಾಂಸ ಕರಗಿದ್ದರೆ ಅಡುಗೆ ಮಾಡಿ, ಬೇಕಾದರೆ ಆ ಅಡುಗೆಯನ್ನು ಆರಿಸಿ ಫ್ರೀಜರಿಗೆ ಹಾಕಿ. ಹಸಿಯಾಗಿಯೇ ಮತ್ತೆ ಹಾಕಬೇಡಿ.

ಇನ್ನು ಫ್ರಿಡ್ಜ್ ತುಂಬಿಸುವ ವಿಷಯ. ನಿಮ್ಮಲ್ಲಿ ಕೆಲವರ ಫ್ರಿಡ್ಜ್ ಬಾಗಿಲು ತೆಗೆದರೆ ಡಬ್ಬಿಗಳು ಮೈಮೇಲೆ ಬೀಳುತ್ತವೆ. ಮಿತಿ ಮೀರಿದರೆ ಅಮೃತವೂ ವಿಷ. ತಂಪು ಗಾಳಿ ಓಡಾಡಿದರೆ ಮಾತ್ರ ತಂಪು. ಇದಕ್ಕೊಂದು ಹಳೆಯ ಕತೆಯಿದೆ. 1882ರಲ್ಲಿ ಡನೀಡಿನ್ ಎಂಬ ಹಾಯಿಹಡಗು ನ್ಯೂಜಿಲೆಂಡಿನಿಂದ ಸುಮಾರು 5,000 ಕುರಿಗಳ ಹೆಪ್ಪುಗಟ್ಟಿಸಿದ ಮಾಂಸ ಹೊತ್ತು ಲಂಡನ್ನಿಗೆ ಹೊರಟಿತು. 98 ದಿನದ ದಾರಿ. ಉಷ್ಣವಲಯ ಹಾಯುವಾಗ ಒಳಗೆ ತಂಪು ಗಾಳಿ ಸರಿಯಾಗಿ ಹರಿಯುತ್ತಿಲ್ಲ ಎಂದು ಗೊತ್ತಾಯಿತು. ಕ್ಯಾಪ್ಟನ್ ವಿಟ್ಸನ್ ತಾನೇ ಗಾಳಿಯ ಕೊಳವೆಯೊಳಗೆ ತೆವಳಿ ಹೋಗಿ ಗಾಳಿಗೆ ಹೊಸ ಕಿಂಡಿಗಳನ್ನು ಕೊರೆದ. ಚಳಿಗೆ ಮರಗಟ್ಟಿ ಪ್ರಾಣ ಹೋಗುವುದರಲ್ಲಿತ್ತು, ಕಾಲಿಗೆ ಹಗ್ಗ ಕಟ್ಟಿ ಎಳೆದು ತಂದು ಬದುಕಿಸಿದರು. ಲಂಡನ್ ಮುಟ್ಟಿದಾಗ ಅಷ್ಟರಲ್ಲಿ ಒಂದೇ ಒಂದು ಕುರಿಯ ಮಾಂಸ ಕೆಟ್ಟಿತ್ತು. ಆತ ಪ್ರಾಣ ಒತ್ತೆಯಿಟ್ಟು ಮಾಡಿದ ಗಾಳಿಯ ದಾರಿಯನ್ನು ನೀವು ಸಾಂಬಾರಿನ ಡಬ್ಬಿ ಅಡ್ಡ ಇಟ್ಟು ಮುಚ್ಚಬೇಡಿ. ಹಿಂಬದಿಯ ಗಾಳಿಯ ಕಿಂಡಿಗೆ ನಾಲ್ಕು ಬೆರಳು ಜಾಗ ಬಿಡಿ. ಹಾಲನ್ನು ಬಾಗಿಲಿನಲ್ಲಿ ಇಡಬೇಡಿ, ಫ್ರಿಡ್ಜಿನಲ್ಲಿ ಎಲ್ಲಕ್ಕಿಂತ ಬೆಚ್ಚಗಿರುವ ಜಾಗ ಅದು. ಹಸಿ ಮೀನು ಮಾಂಸ ಮುಚ್ಚಿ ಕೆಳಗಿನ ಶೆಲ್ಫಿನಲ್ಲಿ, ತೊಟ್ಟಿಕ್ಕಿದರೂ ಮೊಸರಿನ ಮೇಲೆ ಬೀಳದ ಹಾಗೆ.

ಉಗ್ರಾಣದ ಇನ್ನೊಂದು ನಡವಳಿಕೆಯನ್ನೂ ಕಲಿಯಿರಿ. ಮೊದಲು ಕೆಡುವುದು ಮೊದಲು ಹೊರಗೆ, ಇದು ಅಲ್ಲಿನ ನಿಯಮ. ನಮ್ಮ ಮನೆಗಳಲ್ಲಿ ಹೊಸ ಮೊಸರು ಮುಂದೆ ಬರುತ್ತದೆ, ಹಳೆಯದು ಹಿಂದೆ ಸರಿದು ಸರಿದು ಬೂಸ್ಟು ಹಿಡಿಯುತ್ತದೆ. ಹೊಸದನ್ನು ಹಿಂದೆ ಇಡಿ, ಹಳೆಯದನ್ನು ಮುಂದೆ ತನ್ನಿ, ಕಷ್ಟವೇನಿದೆ? ಫ್ರೀಜರಿನ ಡಬ್ಬಿಗೆ ಟೇಪ್ ಅಂಟಿಸಿ ಹೆಸರು ತಾರೀಕು ಬರೆಯಿರಿ. ಬೆಂಗಳೂರಿನಿಂದ ಅಮ್ಮ ಸುಲಿದು ಕಟ್ಟಿಕೊಟ್ಟ ಅವರೆಕಾಳು ಯಾವ ವರ್ಷದ್ದು ಎಂದು ನಿಮಗೇ ಗೊತ್ತಿಲ್ಲದಿದ್ದರೆ ಆ ತಾಯಿಯ ಕೈ ನೋವಿಗೆ ಬೆಲೆ ಎಲ್ಲಿ ಬಂತು? ಪ್ಯಾಕೆಟ್ಟಿನ ಮೇಲಿನ ಬರಹವನ್ನೂ ಬೇರೆ ಬೇರೆಯಾಗಿ ಓದಿ. 'ಯೂಸ್ ಬೈ' ಎಂದರೆ ಆರೋಗ್ಯದ ಮಾತು, ಆ ದಿನ ದಾಟಿದರೆ ವಾಸನೆ ಚೆನ್ನಾಗಿದ್ದರೂ ಬೇಡ. 'ಬೆಸ್ಟ್ ಬಿಫೋರ್' ಎಂದರೆ ರುಚಿಯ ಮಾತು, ಮರುದಿನವೇ ಕಸಕ್ಕೆ ಸುರಿಯಬೇಕಿಲ್ಲ. ಯೂಸ್ ಬೈ ದಿನ ಮುಗಿಯುವ ಮುಂಚೆ ಫ್ರೀಜರಿಗೆ ಹಾಕಿದರೆ ಉಳಿಸಿಕೊಳ್ಳಬಹುದು.

ಅನ್ನದ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ರಾತ್ರಿ ಉಳಿದ ಅನ್ನವನ್ನು ಕುಕ್ಕರಿನಲ್ಲೇ ಬಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡುವುದು ನಮ್ಮೆಲ್ಲರ ಮನೆಯ ರೂಢಿ. ಹೀಟಿಂಗ್ ಹಾಕಿದ ಇಲ್ಲಿನ ಅಡುಗೆಮನೆಯಲ್ಲಿ ಅದು ಬೇಡ. ಅಕ್ಕಿಯಲ್ಲಿರುವ ಒಂದು ಬಗೆಯ ಕ್ರಿಮಿಯ ಬೀಜ ಬೇಯಿಸಿದರೂ ಸಾಯುವುದಿಲ್ಲ, ಬೆಚ್ಚಗಿನ ಅನ್ನದಲ್ಲಿ ಮೊಳೆತು ವಿಷ ಬಿಡುತ್ತದೆ, ಮತ್ತೆ ಒಗ್ಗರಣೆ ಹಾಕಿದರೂ ಆ ವಿಷ ಹೋಗುವುದಿಲ್ಲ. ಇಲ್ಲಿನ ಆಹಾರ ಸುರಕ್ಷತೆಯ ಇಲಾಖೆ ಹೇಳುವುದು ಇಷ್ಟು: ಒಂದು ಗಂಟೆಯೊಳಗೆ ಆರಿಸಿ ಫ್ರಿಡ್ಜಿಗೆ, 24 ಗಂಟೆಯೊಳಗೆ ಹೊಟ್ಟೆಗೆ. ಅಗಲವಾದ ತಟ್ಟೆಯಲ್ಲಿ ಹರಡಿದರೆ ಬೇಗ ಆರುತ್ತದೆ. ಬಿಸಿ ಸಾಂಬಾರಿನ ಪಾತ್ರೆಯನ್ನು ಇಡಿಯಾಗಿ ಒಳಗೆ ತಳ್ಳಬೇಡಿ, ಸಣ್ಣ ಸಣ್ಣ ಡಬ್ಬಿಗೆ ಹಂಚಿ, ಆರಿಸಿ, ಆಮೇಲೆ ಇಡಿ. ಊಟ ಬಲ್ಲವನಿಗೆ ರೋಗವಿಲ್ಲ ಎಂದಾಗ ಹಿರಿಯರು ತಿನ್ನುವುದನ್ನು ಮಾತ್ರ ಹೇಳಲಿಲ್ಲ, ಇಡುವುದನ್ನೂ ಸೇರಿಸಿಯೇ ಹೇಳಿದರು.

ಯಂತ್ರವನ್ನು ನಂಬಿ ಮನೆಯಲ್ಲಿ ಒಂದು ಹಿಡಿ ಬೇಳೆಯೂ ಇಲ್ಲದ ಹಾಗೆ ಇರುವವರಿಗೆ ಒಂದು ಮಾತು. 2019ರ ಫೆಬ್ರುವರಿಯಲ್ಲಿ ಒಕಾಡೊದವರದೇ ಆಂಡೋವರ್ ಉಗ್ರಾಣಕ್ಕೆ ಬೆಂಕಿ ಬಿತ್ತು. ಶುರುವಾದದ್ದು ರೋಬೋದ ಬ್ಯಾಟರಿ ಚಾರ್ಜ್ ಮಾಡುವ ಜಾಗದಲ್ಲಿ. ತಂಪು ಮಾಡಲು ಬಳಸುವ ಅಮೋನಿಯಾ ಸಿಡಿದೀತೆಂದು ಸುತ್ತಲಿನ ಮನೆಗಳನ್ನೂ ಖಾಲಿ ಮಾಡಿಸಿದರು. ಇಡೀ ಉಗ್ರಾಣ ಹೋಯಿತು. 2021ರ ಜುಲೈ 16ರಂದು ಈರಿತ್‌ನಲ್ಲೇ ಮೂರು ರೋಬೋಗಳು ಢಿಕ್ಕಿಯಾಗಿ ಬೆಂಕಿ ಹತ್ತಿತು. ಸುಮಾರು 100 ಅಗ್ನಿಶಾಮಕ ಸಿಬ್ಬಂದಿ ಬಂದರು. ಹಳಿಯ ಶೇಕಡಾ 1ಕ್ಕಿಂತ ಕಡಿಮೆ ಭಾಗ ಕೆಟ್ಟಿತ್ತು, ಆದರೂ ಸಾವಿರಾರು ಮನೆಗಳ ಆರ್ಡರ್ ರದ್ದಾಯಿತು. ಬೆಂಕಿ ಬಿದ್ದಾಗ ಬಾವಿ ತೋಡಿದರೆ ಆಗದು. ಅಕ್ಕಿ, ಬೇಳೆ, ರವೆ, ಹಾಲಿನ ಪುಡಿ, ನಾಲ್ಕು ದಿನಕ್ಕಾಗುವಷ್ಟು ಮನೆಯಲ್ಲಿರಲಿ. ಪಕ್ಕದ ಬೀದಿಯ ತರಕಾರಿ ಅಂಗಡಿಯವರ ಪರಿಚಯವೂ ಇರಲಿ.

ಓದಲು ಬಂದು ಇಂಥ ತಂಪಿನ ಉಗ್ರಾಣಗಳಲ್ಲಿ ಪಾಳಿ ಮಾಡುವ ಮಕ್ಕಳೂ ಇದನ್ನು ಓದುತ್ತಿರಬಹುದು. ಎಷ್ಟೇ ಯಂತ್ರ ಬಂದರೂ ಚಳಿಯಲ್ಲಿ ನಿಲ್ಲುವ ಕೈಗಳು ಇನ್ನೂ ಬೇಕು, ಆ ಕೈಗಳಲ್ಲಿ ನಿಮ್ಮದೂ ಇದೆ. ಒಳಗೆ ಹತ್ತಿ ಬನಿಯನ್ ಹಾಕಬೇಡಿ, ಬೆವರು ಹೀರಿ ಮೈಗೆ ತಣ್ಣಗೆ ಅಂಟುತ್ತದೆ. ಉಣ್ಣೆ ಹಾಕಿ. ಒಂದು ಜೊತೆ ಒಣ ಕಾಲುಚೀಲ ಬ್ಯಾಗಿನಲ್ಲಿ ಇರಲಿ. ಕೊಟ್ಟ ಕೈಗವಸನ್ನು ಕೆಲಸ ನಿಧಾನವಾಗುತ್ತದೆಂದು ಬಿಚ್ಚಬೇಡಿ, ಬಿಡುವಿನ ಹೊತ್ತನ್ನು ಬಿಟ್ಟುಕೊಡಬೇಡಿ. ಬೆರಳು ಜೋಮು ಹಿಡಿದರೆ ಮೇಲಿನವರಿಗೆ ಹೇಳಿ ಹೊರಗೆ ಬನ್ನಿ. ಹೇಳಲು ನಾಚಿಕೆ ಯಾಕೆ?

ಉಳಿದವರು ಇವತ್ತು ಒಂದು ಕೆಲಸ ಮಾಡಿ. ಫ್ರಿಡ್ಜಿಗೆಂದೇ ಮಾರುವ ಸಣ್ಣ ಥರ್ಮಾಮೀಟರ್ ತನ್ನಿ, ದುಬಾರಿಯೇನಲ್ಲ. ಲೋಟದಲ್ಲಿ ನೀರು ತುಂಬಿ ಥರ್ಮಾಮೀಟರನ್ನು ಅದರಲ್ಲಿ ಮುಳುಗಿಸಿ, ನಡುವಿನ ಶೆಲ್ಫಿನಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಕಾಫಿಗೆ ಹಾಲು ತೆಗೆಯುವ ಮೊದಲು ನೋಡಿ. 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಮೇಲಿದ್ದರೆ ಗುಂಡಿ ತಿರುಗಿಸಿ, ಮರುದಿನ ಮತ್ತೆ ನೋಡಿ.